ಕಂಟ್ರೋಲ್ ರೂಮಿನ ಚರಿತ್ರೆ: ಗಾಳಿಯ ಕೊಳವೆಯಿಂದ ಡಿಸಿಎಸ್‌ವರೆಗೆ

ಸಾಗರ ಸೀಮೆಯ ಹೊಳೆಬಾಗಿಲಿನ ದಡದಲ್ಲಿ ಕಾಣುವುದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಈ ನೀರು ತಳಕಳಲೆ ಜಲಾಶಯವನ್ನು ಹಾದು ಶರಾವತಿ ವಿದ್ಯುದಾಗಾರಕ್ಕೆ ಇಳಿದು ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಮನೆಗೂ ಮುಳುಗಡೆಯ ಕಥೆ ಗೊತ್ತು. ಆ ನೀರು ಯಂತ್ರಕ್ಕೆ ತಾಗಿದ ಮೇಲೆ ಏನಾಗುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ಊರೂರಿನ ದೀಪ ಆರಿ ಹೊರೆ ತಗ್ಗಿದರೆ ಟರ್ಬೈನಿನ ವೇಗ ಏರತೊಡಗುತ್ತದೆ. ಗವರ್ನರ್ ಎಂಬ ನಿಯಂತ್ರಕ ಅದನ್ನು ಗ್ರಹಿಸಿ ನೀರು ಚಿಮ್ಮುವ ಬಾಯನ್ನು ಕಿರಿದು ಮಾಡಿ, ವಿದ್ಯುತ್ತಿನ ಆವರ್ತನವನ್ನು 50 ಹರ್ಟ್ಸ್‌ನ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಅಳೆಯುವುದು, ಇರಬೇಕಾದ ಮಟ್ಟದೊಡನೆ ಹೋಲಿಸುವುದು, ವ್ಯತ್ಯಾಸ ಕಂಡರೆ ತಿದ್ದುವುದು: ಈ ಮೂರು ಸೇರಿದರೆ ಒಂದು ಕಂಟ್ರೋಲ್ ಲೂಪ್.

ಜಲವಿದ್ಯುತ್ ಯಂತ್ರದಲ್ಲಿ ಮುಖ್ಯವಾದ ಲೂಪ್‌ಗಳನ್ನು ಬೆರಳಲ್ಲಿ ಎಣಿಸಬಹುದು. ದೊಡ್ಡ ತೈಲ ಶುದ್ಧೀಕರಣಾಗಾರದಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ. ಕುಲುಮೆಯ ಉಷ್ಣತೆ, ಗೋಪುರದ ಒತ್ತಡ, ಪಾತ್ರೆಯ ಮಟ್ಟ, ಕೊಳವೆಯ ಹರಿವು ಎಲ್ಲವೂ ಒಂದನ್ನೊಂದು ಎಳೆಯುತ್ತವೆ. ಇವನ್ನೆಲ್ಲ ಒಂದೇ ಕೋಣೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಹೇಗೆ ಬೆಳೆಯಿತು, ಅದನ್ನು ಯಾರು ಹೇಗೆ ಮಾರುತ್ತಾರೆ, ಕೊಳ್ಳುವವರು ಏನನ್ನು ಗಮನಿಸಬೇಕು ಎಂಬುದು ಈ ಲೇಖನದ ವಿಷಯ.

ಗಾಳಿ, ತಂತಿ, ಕಂಪ್ಯೂಟರ್

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ರಿಫೈನರಿಗಳ ಸಂದೇಶವಾಹಕ ಗಾಳಿಯೇ ಆಗಿತ್ತು. ಚದರ ಇಂಚಿಗೆ 3ರಿಂದ 15 ಪೌಂಡ್ ಒತ್ತಡದ ಗಾಳಿ ತೆಳು ಕೊಳವೆಗಳಲ್ಲಿ ಅಳತೆಯನ್ನು ಹೊತ್ತು ತರುತ್ತಿತ್ತು, ಅಪ್ಪಣೆಯನ್ನು ವಾಲ್ವ್‌ಗೆ ಒಯ್ಯುತ್ತಿತ್ತು. ಗಾಳಿಯಿಂದ ಕಿಡಿ ಹಾರುವುದಿಲ್ಲ, ಹಾಗಾಗಿ ಎಣ್ಣೆಯ ಆವಿ ತುಂಬಿದ ಜಾಗಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ದೂರ ಹೆಚ್ಚಿದಷ್ಟೂ ಸಂದೇಶ ತಡವಾಗುತ್ತಿತ್ತು. ಗಾಳಿಯ ಜಾಗಕ್ಕೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತ ಬಂತು. ಸೊನ್ನೆಯ ಬದಲು ನಾಲ್ಕರಿಂದ ಶುರು ಮಾಡಿದ್ದರಲ್ಲಿ ಜಾಣ್ಮೆಯಿದೆ. ಅಳತೆ ಸೊನ್ನೆಯಾದರೂ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಅದೂ ನಿಂತರೆ ತಂತಿಯೇ ತುಂಡಾಗಿದೆಯೆಂದು ಆಪರೇಟರ್‌ಗೆ ತಿಳಿಯುತ್ತದೆ. ಈ ಸಂಕೇತ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ.

1959ರಲ್ಲಿ ಅಮೆರಿಕದ ಪೋರ್ಟ್ ಆರ್ಥರ್‌ನ ಟೆಕ್ಸಕೊ ರಿಫೈನರಿಯಲ್ಲಿ ಆರ್‌ಡಬ್ಲ್ಯು-300 ಎಂಬ ಕಂಪ್ಯೂಟರ್ ಒಂದು ಘಟಕದ ನಿಯಂತ್ರಣಕ್ಕೆ ಇಳಿಯಿತು. ದಾರಿ ತೆರೆಯಿತು, ಭಯವೂ ಹುಟ್ಟಿತು: ಎಲ್ಲವನ್ನೂ ಒಂದೇ ಕಂಪ್ಯೂಟರ್ ನೋಡಿಕೊಂಡರೆ ಅದು ಕೆಟ್ಟ ದಿನ ಇಡೀ ಘಟಕ ನಿಲ್ಲುತ್ತದೆ. 1975ರಲ್ಲಿ ಇದಕ್ಕೆ ಉತ್ತರ ಎರಡು ದಿಕ್ಕಿನಿಂದ ಬಂತು. ಅಮೆರಿಕದ ಹನಿವೆಲ್ ಟಿಡಿಸಿ 2000ವನ್ನೂ ಜಪಾನಿನ ಯೊಕೊಗಾವಾ ಸೆಂಟಮ್ ಅನ್ನೂ ಹೊರತಂದವು. ಲೂಪ್‌ಗಳನ್ನು ಚಿಕ್ಕ ಚಿಕ್ಕ ಕಂಟ್ರೋಲರ್‌ಗಳಿಗೆ ಹಂಚಿ, ಅವೆಲ್ಲವನ್ನೂ ಒಂದು ಸಂವಹನ ಜಾಲಕ್ಕೆ ಪೋಣಿಸಿ, ನೋಟವನ್ನು ಮಾತ್ರ ಒಂದೇ ಪರದೆಗೆ ತರುವ ಉಪಾಯವದು. ಕೆಲಸ ಹಂಚಿಹೋಗಿರುವುದರಿಂದಲೇ ಅದು ಡಿಸ್ಟ್ರಿಬ್ಯೂಟೆಡ್ ಕಂಟ್ರೋಲ್ ಸಿಸ್ಟಮ್, ಕಾರ್ಖಾನೆಯವರ ಬಾಯಲ್ಲಿ ಡಿಸಿಎಸ್. ಗೋಡೆಯುದ್ದಕ್ಕೂ ಇದ್ದ ಗಡಿಯಾರದಂಥ ಮಾಪಕಗಳು ಮರೆಯಾಗಿ, ಪ್ಯಾನಲ್ ಆಪರೇಟರ್ ಪರದೆಯ ಮುಂದೆ ಕುಳಿತ.

ಪರದೆ ತಂದ ಹೊಸ ಕಷ್ಟ

ಹಳೆಯ ಫಲಕದಲ್ಲಿ ಒಂದು ಅಲಾರಂ ಸೇರಿಸಬೇಕಾದರೆ ದೀಪ, ತಂತಿ, ಜಾಗ ಎಲ್ಲಕ್ಕೂ ಖರ್ಚಿತ್ತು. ಡಿಸಿಎಸ್‌ನಲ್ಲಿ ಅದು ಕೆಲವೇ ಕೀಲಿಗಳ ಕೆಲಸ. ಹೀಗಾಗಿ ಅಲಾರಂಗಳು ಅಳತೆ ಮೀರಿ ಬೆಳೆದವು. 1994ರ ಜುಲೈನಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ರಿಫೈನರಿಯಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಅಷ್ಟನ್ನು ಓದಿ, ಅರ್ಥ ಮಾಡಿಕೊಂಡು, ಸರಿಯಾದ ಕ್ರಮ ಕೈಗೊಳ್ಳುವುದು ಮನುಷ್ಯರಿಂದ ಆಗುವ ಮಾತಲ್ಲ. ಅಲಾರಂಗಳ ಶಿಸ್ತು ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಲು ಇಂಥ ಅನುಭವಗಳೇ ಕಾರಣ. ಅಪಾಯ ಕಂಡೊಡನೆ ಘಟಕವನ್ನು ತಾನಾಗಿ ನಿಲ್ಲಿಸುವ, ಅಂದರೆ ಟ್ರಿಪ್ ಮಾಡುವ, ಸುರಕ್ಷಾ ವ್ಯವಸ್ಥೆಯೂ ಡಿಸಿಎಸ್‌ನಿಂದ ಬೇರೆಯಾಗಿ ನಿಲ್ಲಬೇಕೆಂಬ ತತ್ತ್ವ ಗಟ್ಟಿಯಾಯಿತು.

ಮಂಗಳೂರು ಮತ್ತು ಬೆಂಗಳೂರು

ಕರ್ನಾಟಕಕ್ಕೆ ರಿಫೈನರಿ ಬರುವ ಹೊತ್ತಿಗೆ ಜಗತ್ತು ಡಿಸಿಎಸ್ ಯುಗದ ನಡುವಿನಲ್ಲಿತ್ತು. ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್ ಲಿಮಿಟೆಡ್ (ಎಂಆರ್‌ಪಿಎಲ್) 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಕಂಪನಿಯಾಗಿ ನೋಂದಾಯಿತವಾಗಿ, 1996ರಲ್ಲಿ ಮಂಗಳೂರಿನ ಕುತ್ತೆತ್ತೂರಿನಲ್ಲಿ ಉತ್ಪಾದನೆ ಆರಂಭಿಸಿತು. 2003ರಲ್ಲಿ ಒಎನ್‌ಜಿಸಿ ತೆಕ್ಕೆಗೆ ಬಂತು. ಮುಂದಿನ ವಿಸ್ತರಣೆಯಲ್ಲಿ ಅದರ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್‌ಗೆ ಏರಿತು. ಇಲ್ಲಿಂದ ಹೊರಟ ಇಂಧನ ಸುಮಾರು 360 ಕಿಲೋಮೀಟರ್ ಕೊಳವೆಯಲ್ಲಿ, ನೆರಿಯದ ಪಂಪಿಂಗ್ ಕೇಂದ್ರ ದಾಟಿ ಘಟ್ಟ ಹತ್ತಿ, ಹಾಸನದ ಮೂಲಕ ಬೆಂಗಳೂರಿನ ಸಮೀಪದ ದೇವನಗೊಂದಿಗೆ ತಲುಪುತ್ತದೆ. ಇಷ್ಟು ದೂರದ ಕೊಳವೆಯ ಮೇಲೆ ಕಣ್ಣಿಡುವ ದೂರನಿಯಂತ್ರಣ ವ್ಯವಸ್ಥೆಗೆ ಸ್ಕಾಡಾ ಎಂದು ಹೆಸರು.

ಬಳಸುವವರು ಕರಾವಳಿಯಲ್ಲಿದ್ದರೆ ಮಾಡುವವರು ಬಯಲುಸೀಮೆಯಲ್ಲಿ ನೆಲೆಯಾದರು. 1987ರಲ್ಲಿ ಯೊಕೊಗಾವಾ ಬ್ಲೂ ಸ್ಟಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಕಂಪನಿ ಕಟ್ಟಿತು. ಇಂದಿನ ಯೊಕೊಗಾವಾ ಇಂಡಿಯಾ ಅದರ ಮುಂದುವರಿಕೆ. ಎಬಿಬಿ ಇಂಡಿಯಾದ ಕೇಂದ್ರ ಕಚೇರಿಯೂ ಇಲ್ಲಿದೆ. ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ವಿದ್ಯುತ್ ಸ್ಥಾವರಗಳಿಗೆ ನಿಯಂತ್ರಣ ಉಪಕರಣ ತಯಾರಿಸುತ್ತ ಬಂದಿದೆ.

ಮಾರುವುದೆಂದರೆ

ಡಿಸಿಎಸ್ ಮಾರುವವರ ದಾರಿ ಬಹಳ ಉದ್ದ. ರಿಫೈನರಿ ನೇರವಾಗಿ ಅಂಗಡಿಗೆ ಬಂದು ಕೊಳ್ಳುವುದಿಲ್ಲ. ಮೊದಲು ಸಲಹಾ ಸಂಸ್ಥೆ ವಿವರಪಟ್ಟಿ ಬರೆಯುತ್ತದೆ. ನಮ್ಮ ದೇಶದಲ್ಲಿ ಈ ಕೆಲಸದ ಹಿರಿಯ ಹೆಸರು 1965ರಲ್ಲಿ ಹುಟ್ಟಿದ ಎಂಜಿನಿಯರ್ಸ್ ಇಂಡಿಯಾ ಲಿಮಿಟೆಡ್. ಆಮೇಲೆ ಟೆಂಡರ್. ತಾಂತ್ರಿಕ ಲಕೋಟೆ ಮೊದಲು ತೆರೆಯುತ್ತದೆ, ಅದರಲ್ಲಿ ಗೆದ್ದವರ ಬೆಲೆಯ ಲಕೋಟೆ ಮಾತ್ರ ಮುಂದೆ ತೆರೆಯುತ್ತದೆ, ಕಡಿಮೆ ದರದವರು ಎಲ್-1. ಕೆಲಸ ಸಿಕ್ಕ ಮೇಲೆ ಕೊಂಡವರ ಎಂಜಿನಿಯರ್‌ಗಳು ತಯಾರಕರ ಕಾರ್ಖಾನೆಗೆ ಹೋಗಿ, ಕೃತಕ ಸಂಕೇತ ಕೊಟ್ಟು, ಲೂಪ್‌ಗಳನ್ನು ಪರೀಕ್ಷಿಸುತ್ತಾರೆ. ಸ್ಥಳದಲ್ಲಿ ಮತ್ತೊಮ್ಮೆ ಪರೀಕ್ಷೆ. ಹಳೆಯದನ್ನು ತೆಗೆದು ಹೊಸದು ಕೂರಿಸುವುದಿದ್ದರೆ ಸಾಮಾನ್ಯವಾಗಿ ಶಟ್‌ಡೌನ್‌ವರೆಗೆ ಕಾಯಬೇಕು. ಕಾಯಲಾಗದಿದ್ದರೆ ಘಟಕ ಓಡುತ್ತಿರುವಾಗಲೇ ಒಂದೊಂದೇ ಲೂಪನ್ನು ಹೊಸ ವ್ಯವಸ್ಥೆಗೆ ದಾಟಿಸಬೇಕು. ಎದೆಗಾರಿಕೆಯೂ ತಯಾರಿಯೂ ಒಟ್ಟಿಗೆ ಬೇಕಾದ ಕೆಲಸವದು.

ಟೆಂಡರಿನಲ್ಲಿ ಅನುಭವದ ಷರತ್ತು ಸಹಜ. ಇಂಥದೇ ರಿಫೈನರಿಯಲ್ಲಿ ಇಷ್ಟು ವರ್ಷ ಓಡಿದ ವ್ಯವಸ್ಥೆಯೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಪಣಕ್ಕಿರುವುದು ಜನರ ಜೀವ. ಆದರೆ ಅದೇ ಷರತ್ತು ಹೊಸ ದೇಶೀ ಕಂಪನಿಗೆ ಮೊದಲ ಬಾಗಿಲನ್ನೇ ಮುಚ್ಚುತ್ತದೆ: ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಸರ್ಕಾರಿ ಖರೀದಿಯಲ್ಲಿ ದೇಶೀ ತಯಾರಿಕೆಗೆ ಆದ್ಯತೆ ಕೊಡುವ 2017ರ ಆದೇಶ ಈ ಬಾಗಿಲನ್ನು ಸ್ವಲ್ಪ ಸಡಿಲಿಸಿತು. ರಿಫೈನರಿಯ ಮುಖ್ಯ ಘಟಕಗಳಲ್ಲದ ಕಡೆ, ಅಂದರೆ ನೀರಿನ ಶುದ್ಧೀಕರಣ, ಟ್ಯಾಂಕ್ ಫಾರ್ಮ್, ಲೋಡಿಂಗ್ ಗ್ಯಾಂಟ್ರಿಗಳಲ್ಲಿ, ದೇಶೀಯರಿಗೆ ಮೊದಲ ಅವಕಾಶ ಕೊಡುವುದು ವಿವೇಕದ ಮಾರ್ಗ.

ಎಲ್-1 ಲೆಕ್ಕದಲ್ಲಿ ಸುಲಭವಾಗಿ ತಪ್ಪಿಹೋಗುವ ಸಂಗತಿ ಇನ್ನೊಂದಿದೆ. ಡಿಸಿಎಸ್ ಹದಿನೈದು ಇಪ್ಪತ್ತು ವರ್ಷ ಇರಲು ಬರುತ್ತದೆ. ಅದರ ಪರದೆಯ ಹಿಂದಿನ ಕಂಪ್ಯೂಟರ್‌ಗಳು ಅದಕ್ಕೂ ಬಹಳ ಮುಂಚೆ ಹಳತಾಗುತ್ತವೆ. ಬಿಡಿಭಾಗ, ಲೈಸೆನ್ಸ್, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಎಲ್ಲವೂ ಮೊದಲು ಕೊಟ್ಟವರ ಕೈಯಲ್ಲೇ ಇರುತ್ತದೆ. ಒಂದು ಕಂಪನಿಯ ಕಂಟ್ರೋಲರ್‌ಗೆ ಬರೆದ ತರ್ಕ ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಈ ಕಟ್ಟನ್ನು ಸಡಿಲಿಸಲು 2016ರಲ್ಲಿ ಎಕ್ಸಾನ್‌ಮೊಬಿಲ್ ಮುಂದಾಳುತನದಲ್ಲಿ ಓಪನ್ ಪ್ರೊಸೆಸ್ ಆಟೊಮೇಶನ್ ವೇದಿಕೆ ರೂಪುಗೊಂಡಿತು. ಬೇರೆ ಬೇರೆ ತಯಾರಕರ ಭಾಗಗಳು ಒಟ್ಟಿಗೆ ಹೊಂದಿಕೊಳ್ಳಬೇಕೆಂಬುದು ಅದರ ಗುರಿ. ಕೊಳ್ಳುವವರೇ ಒಗ್ಗಟ್ಟಾಗಿ ಮಾರುವವರ ಮುಂದೆ ಷರತ್ತು ಇಟ್ಟದ್ದು ಈ ಕ್ಷೇತ್ರದಲ್ಲಿ ದೊಡ್ಡ ತಿರುವು.

ಕಣ್ಣಿಗೆ ಕಾಣದ ಕಳ್ಳ

ವಿಂಡೋಸ್ ಮತ್ತು ಈಥರ್‌ನೆಟ್ ಬಂದು ಬೆಲೆ ಇಳಿದಂತೆ ಕಂಟ್ರೋಲ್ ರೂಮಿನ ಒಂಟಿತನವೂ ಮುಗಿದು, ಹೊರಗಿನ ದಾಳಿಗೆ ದಾರಿಯಾಯಿತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ, ಇರಾನಿನ ಯುರೇನಿಯಂ ಪುಷ್ಟೀಕರಣ ಯಂತ್ರಗಳ ನಿಯಂತ್ರಕಗಳಿಗೆ ಹೊಕ್ಕು ಆ ಯಂತ್ರಗಳನ್ನು ಹಾಳುಗೆಡವಿತು. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ನೇರವಾಗಿ ಸುರಕ್ಷಾ ವ್ಯವಸ್ಥೆಯ ಮೇಲೆಯೇ ಕೈಹಾಕಿತು. ಜೀವ ಉಳಿಸುವ ಕೊನೆಯ ಪದರವನ್ನೇ ಗುರಿಯಾಗಿಸಿದ ಈ ದಾಳಿಯ ನಂತರ ಭದ್ರತೆಯನ್ನು ಮಾರಾಟದ ಹೆಚ್ಚುವರಿ ಸೌಲಭ್ಯವೆಂದು ನೋಡುವ ಹಾಗಿಲ್ಲ. ಅದು ವಿವರಪಟ್ಟಿಯ ಮೊದಲ ಪುಟದಲ್ಲಿರಬೇಕು.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ತಂತ್ರಜ್ಞಾನ ಬದಲಾದಾಗಲೆಲ್ಲ ತಿಳಿವಳಿಕೆಯ ಒಂದು ಪಾಲು ಕಾರ್ಖಾನೆಯಿಂದ ಮಾರಾಟಗಾರರ ಕಡೆಗೆ ಸರಿದದ್ದು ಕಾಣುತ್ತದೆ. ಗಾಳಿಯ ಕಂಟ್ರೋಲರನ್ನು ಬಿಚ್ಚಿ ಸರಿಪಡಿಸುವ ಮೆಕ್ಯಾನಿಕ್ ರಿಫೈನರಿಯ ಒಳಗೇ ಇದ್ದ. ಡಿಸಿಎಸ್‌ನ ತರ್ಕ ತಿದ್ದಲು ಹೊರಗಿನವರಿಗೆ ಫೋನ್ ಮಾಡುವ ಸ್ಥಿತಿ ಬಂದರೆ ಅದು ಸೋಲು. ಒಳ್ಳೆಯ ಮಾರಾಟಗಾರ ಶಿಫ್ಟಿನ ಆಪರೇಟರ್‌ಗಳ ಪಕ್ಕ ಕುಳಿತು ಅವರ ಕಷ್ಟ ಕೇಳುತ್ತಾನೆ. ಒಳ್ಳೆಯ ಕೊಳ್ಳುಗ ತನ್ನ ಇನ್‌ಸ್ಟ್ರುಮೆಂಟೇಶನ್ ವಿಭಾಗಕ್ಕೆ ತರಬೇತಿಯನ್ನೂ, ಪ್ರೋಗ್ರಾಮ್‌ನ ಪೂರ್ಣ ದಾಖಲೆಯನ್ನೂ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂಬ ಲಿಖಿತ ಮಾತನ್ನೂ ಬೆಲೆಯ ಜೊತೆಗೇ ಕೇಳುತ್ತಾನೆ. ಮಾಡುವ ಬೆಂಗಳೂರು, ಬಳಸುವ ಮಂಗಳೂರು ಎರಡೂ ಒಂದೇ ರಾಜ್ಯದಲ್ಲಿವೆ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿಕೊಂಡು ಘಟ್ಟ ಇಳಿಯುವ ಮಲೆನಾಡಿನ ಮಕ್ಕಳು ಪರದೆ ನೋಡುವುದರ ಜೊತೆಗೆ ಪರದೆಯ ಹಿಂದಿನ ತರ್ಕವನ್ನೂ ಕಲಿಯುವಂತಾದರೆ, ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುವ ಯಂತ್ರಕ್ಕಿಂತ ಹೆಚ್ಚು ಬಾಳುವ ಆಸ್ತಿ ನಮ್ಮಲ್ಲಿ ಉಳಿಯುತ್ತದೆ.