ಡೇನ್ ಕೊಡಲಿ

ಉತ್ತರ ಯುರೋಪಿನಲ್ಲಿ 10ನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ, ಉದ್ದ ಕಾವಿನ, ಅಗಲ ಬಾಯಿಯ ಯುದ್ಧದ ಕೊಡಲಿ. ನಾರ್ವೆಯ ಪುರಾತತ್ತ್ವಜ್ಞ ಯಾನ್ ಪೀಟರ್ಸನ್ 1919ರಲ್ಲಿ ಮಾಡಿದ ವರ್ಗೀಕರಣದಲ್ಲಿ ಇದು ಎಂ ಮಾದರಿ. ಸಿನಿಮಾಗಳಲ್ಲಿ ಇದು ಎತ್ತಲಾರದ ಕಬ್ಬಿಣದ ಗುಂಡು. ನೆಲದಲ್ಲಿ ಸಿಕ್ಕಿರುವ ಕೊಡಲಿಗಳು ಹೇಳುವುದೇ ಬೇರೆ. ಬಾಯಿಯ ಅಗಲ 20 ಸೆಂಟಿಮೀಟರ್ ದಾಟಿದರೂ ಅಲಗಿನ ನಡುಭಾಗ ಕೆಲವೇ ಮಿಲಿಮೀಟರ್ ದಪ್ಪ. ಮರ ಕಡಿಯುವ ಕೊಡಲಿಗೆ ದಪ್ಪ ಕೆನ್ನೆ ಬೇಕು: ಅದು ಬೆಣೆಯಂತೆ ನಾರನ್ನು ಸೀಳಿ ಅಗಲಿಸಬೇಕು, ಮರದಲ್ಲಿ ಸಿಕ್ಕಿಕೊಳ್ಳಬಾರದು. ಬಟ್ಟೆ, ಮಾಂಸ, ಮೂಳೆ ಕತ್ತರಿಸುವುದಕ್ಕೆ ಆ ದಪ್ಪ ಬರಿಯ ಹೊರೆ. ಅಷ್ಟೇ ಕಬ್ಬಿಣವನ್ನು ತೆಳ್ಳಗೆ ಬಡಿದು ಹರಡಿದರೆ ಬಾಯಿ ಅಗಲವಾಗುತ್ತದೆ, ತಲೆ ಹಗುರವಾಗಿಯೇ ಉಳಿಯುತ್ತದೆ. ಪೆಟ್ಟಿನ ಬಲಕ್ಕೆ ತೂಕಕ್ಕಿಂತ ವೇಗ ಮುಖ್ಯ; ಆ ವೇಗವನ್ನು ಕೊಡುವುದು ಎದೆಮಟ್ಟದ ಕಾವು. ಭಾರದ ಕೊಡಲಿಯ ಒಂದು ಏಟು ತಪ್ಪಿದರೆ, ಅದನ್ನು ಮತ್ತೆ ಎತ್ತುವಷ್ಟರಲ್ಲಿ ಎದುರಾಳಿಯ ಈಟಿ ಎದೆಗೆ ಬಂದಿರುತ್ತದೆ.

ಇಷ್ಟು ತೆಳುವಾದದ್ದು ಶಿರಸ್ತ್ರಾಣಕ್ಕೆ ಬಡಿದರೆ ಮುರಿಯದೇ ಎಂಬ ಆಕ್ಷೇಪ ಸಹಜ. ಉತ್ತರ ಕುಲುಮೆಯಲ್ಲಿದೆ. ಕೊಡಲಿಯ ಮೈ ಮೆದು ಕಬ್ಬಿಣ. ಬಾಯಿಗೆ ಮಾತ್ರ, ದುಬಾರಿಯಾದ ಉಕ್ಕಿನ ಪಟ್ಟಿಯನ್ನು ಕಾಸಿ ಬಡಿದು ಬೆಸೆಯುತ್ತಿದ್ದರು. ಮೈ ಬಾಗಬಹುದು, ಥಟ್ಟನೆ ಒಡೆಯುವುದಿಲ್ಲ. ಹಲವು ಕೊಡಲಿಗಳಲ್ಲಿ ಬಾಯಿಯ ಹಿಂದೆಯೇ, ಬೆಸುಗೆ ಕೂಡಿದ ಕಡೆ, ಒಂದು ಉಬ್ಬುಗೆರೆ ಬೆರಳಿಗೆ ಸಿಗುತ್ತದೆ; ಏಟು ತಾಳಬೇಕಾದ ಜಾಗದಲ್ಲಷ್ಟೇ ಲೋಹ ಉಳಿಸಿದ್ದಾನೆ ಕಮ್ಮಾರ. ಕಾವು ತೂರಿಸುವ ಕಣ್ಣಿನ ಎರಡೂ ಬದಿಯ ಮೊನಚು ಚಾಚುಗಳು ಕಾವನ್ನು ಇನ್ನಷ್ಟು ಉದ್ದಕ್ಕೆ ಹಿಡಿಯುತ್ತವೆ.

ಬಡಗಿಗಳ ಬಳಿಯೂ ಅಗಲ ಬಾಯಿಯ ಕೊಡಲಿ ಇತ್ತಲ್ಲ, ಅಗಲ ಬಾಯಿ ಯುದ್ಧಕ್ಕೆಂದೇ ಮಾಡಿದ್ದು ಎನ್ನುವುದು ಹೇಗೆ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 11ನೆಯ ಶತಮಾನದ ಬೇಯೋ ಕಸೂತಿ ಪಟದಲ್ಲಿ ಹಡಗು ಕಟ್ಟುವವರು ಅಂಥದ್ದರಿಂದಲೇ ಹಲಗೆ ಕೆತ್ತುತ್ತಾರೆ. ಆದರೆ ಅದರ ಕತ್ತು ಕಿರಿದು, ಕಾವು ಗಿಡ್ಡ. ಅದರ ಕೆಲಸ ಹಲಗೆಯ ಮೈ ಹೆರೆಯುವುದು. ಅದೇ ಪಟದಲ್ಲಿ, 1066ರ ಹೇಸ್ಟಿಂಗ್ಸ್ ಕದನದ ದೃಶ್ಯದಲ್ಲಿ, ಇಂಗ್ಲಿಷ್ ಯೋಧರು ಉದ್ದ ಕಾವನ್ನು ಎರಡೂ ಕೈಯಲ್ಲಿ ಬೀಸುತ್ತಾರೆ. ಮರ ಕಡಿಯುವ ಕೊಡಲಿ ಹಿಡಿದು ಯುದ್ಧಕ್ಕೆ ಹೋದ ರೈತರೂ ಇದ್ದಿರಬೇಕು. ಅದು ಅನಿವಾರ್ಯದ ಮಾತು, ವಿನ್ಯಾಸದ್ದಲ್ಲ.

ತೆಳುವಾದ ಅಲಗು ಎದುರಾಳಿಯ ಮೈಮೇಲಿನ ಹೊದಿಕೆ ಕತ್ತರಿಸಬಲ್ಲಂಥದ್ದೆಂದು ನಂಬಿಕೊಂಡ ವಿನ್ಯಾಸ. ಮುಂದೆ ಯುರೋಪಿನ ಯೋಧರು ಉಕ್ಕಿನ ತಗಡಿನ ಕವಚ ತೊಟ್ಟಾಗ ಅಗಲ ಬಾಯಿಗೆ ಕೆಲಸ ಕಡಿಮೆಯಾಯಿತು. 15ನೆಯ ಶತಮಾನದ ಕಾಲಾಳು ಕಾದಾಟದ ಕೊಡಲಿಗಳಲ್ಲಿ ಬಾಯಿ ಚಿಕ್ಕದಾಗಿ, ಹಿಂದೆ ಸುತ್ತಿಗೆ, ತುದಿಗೆ ಮೊನೆ ಬಂದವು. ಕಾವಿನ ಬದಿಗೆ ಕಬ್ಬಿಣದ ಪಟ್ಟಿಗಳನ್ನೂ ಬಡಿದರು.