ಡ್ರೆಸ್ಡನ್ನಿನ ಮೊಗಲ್ ದರಬಾರು ಮತ್ತು ಕೃಷ್ಣಾತೀರದ ಔರಂಗಜೇಬ

ಜರ್ಮನಿಯ ಎಲ್ಬ ನದಿಯ ದಡದಲ್ಲಿರುವ ಡ್ರೆಸ್ಡನ್ ನಗರವು ಬರೋಕ್ ವಾಸ್ತುಶೈಲಿಗೂ ಕಲಾಸಂಗ್ರಹಗಳಿಗೂ ಹೆಸರಾದುದು. ಅದನ್ನು ನೋಡಲು ಹೋಗುವ ಕನ್ನಡಿಗರು ಸಾಮಾನ್ಯವಾಗಿ ಜ್ವಿಂಗರ್ ಅರಮನೆಯನ್ನೂ ಫ್ರೌಯೆನ್‌ಕಿರ್ಖೆ ಎಂಬ ಚರ್ಚನ್ನೂ ಕಂಡು ಬರುತ್ತಾರೆ. ಆದರೆ ಅಲ್ಲಿನ ರಾಜನಿವಾಸದಲ್ಲಿರುವ 'ಗ್ರ್ಯೂನೆಸ್ ಗೆವೆಲ್ಬೆ' ಎಂಬ ರತ್ನಸಂಗ್ರಹಾಲಯದ ಒಂದು ಕೃತಿಯು ರಾಯಚೂರು ಸೀಮೆಯ ಇತಿಹಾಸವನ್ನು ಅಭ್ಯಸಿಸುವವರ ವಿಶೇಷ ಗಮನಕ್ಕೆ ಅರ್ಹವಾಗಿದೆ.

ಇದು ಮೊಗಲ್ ಚಕ್ರವರ್ತಿ ಔರಂಗಜೇಬನ ಹುಟ್ಟುಹಬ್ಬದ ದರಬಾರನ್ನು ಚಿತ್ರಿಸುವ ಶಿಲ್ಪಸಮೂಹ. ಅಕ್ಕಸಾಲಿಗ ಯೋಹಾನ್ ಮೆಲ್ಖಿಯೋರ್ ಡಿಂಗ್ಲಿಂಗರನು ತನ್ನ ಸೋದರರ ನೆರವಿನಿಂದ 1701ರಿಂದ 1708ರ ಅವಧಿಯಲ್ಲಿ ಇದನ್ನು ರಚಿಸಿದನು. ಬೆಳ್ಳಿಯ ವೇದಿಕೆಯ ಮೇಲೆ ನೂರಕ್ಕೂ ಮಿಕ್ಕ ಕಿರುಪ್ರತಿಮೆಗಳಿದ್ದು, ಸಾವಿರಾರು ವಜ್ರಗಳನ್ನೂ ಪಚ್ಚೆ, ಮಾಣಿಕ್ಯಗಳನ್ನೂ ಇದಕ್ಕೆ ಕೂರಿಸಲಾಗಿದೆ. ಡಿಂಗ್ಲಿಂಗರನು ಭಾರತವನ್ನು ಕಂಡವನಲ್ಲ. ತಾವೆರ್ನಿಯೆ, ಬರ್ನಿಯೆ ಮೊದಲಾದ ಫ್ರೆಂಚ್ ಪ್ರವಾಸಿಗಳ ಬರಹಗಳೇ ಅವನಿಗೆ ಆಧಾರ. ಆದುದರಿಂದ ಈ ದರಬಾರಿನಲ್ಲಿ ಚೀನಾ, ಈಜಿಪ್ಟುಗಳ ಲಕ್ಷಣಗಳೂ ಬೆರೆತಿವೆ.

ಈ ದರಬಾರು ಡ್ರೆಸ್ಡನ್ನಿನಲ್ಲಿ ರೂಪುಗೊಳ್ಳುತ್ತಿದ್ದಾಗ ನಿಜವಾದ ಔರಂಗಜೇಬನು ಎಲ್ಲಿದ್ದನು? 1686ರಲ್ಲಿ ಬಿಜಾಪುರವನ್ನು ಗೆದ್ದ ಮೇಲೂ ಅವನಿಗೆ ದಕ್ಷಿಣದಿಂದ ಹಿಂದಿರುಗಲಾಗಲಿಲ್ಲ. 1705ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನ ಸೈನ್ಯವು ಸುರಪುರದ ಬಳಿಯ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿತ್ತು. ಕೋಟೆ ಕೈಸೇರಿತಾದರೂ ಬೇಡರ ನಾಯಕನಾದ ಪಿಡ್ಡನಾಯಕನು ತಪ್ಪಿಸಿಕೊಂಡನು. ಅನಂತರ ಕೃಷ್ಣೆಯ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟ ವೃದ್ಧ ಚಕ್ರವರ್ತಿಯು ತೀವ್ರ ಅಸ್ವಸ್ಥನಾದನು. ನದಿಯ ಆಚೆಗಿನದು ದೇವದುರ್ಗ ಸೀಮೆ. ಅದೂ ಬೇಡ ಪಾಳೆಯಗಾರರ ನೆಲೆಯೇ. ತನ್ನನ್ನು ತುಲಾಭಾರ ತೂಗುವ ಹುಟ್ಟುಹಬ್ಬದ ಸಂಪ್ರದಾಯವನ್ನು ಔರಂಗಜೇಬನು ಬಹುಕಾಲದ ಹಿಂದೆಯೇ ಕೈಬಿಟ್ಟಿದ್ದನು. 1707ರಲ್ಲಿ ಅವನು ಅಹಮದನಗರದಲ್ಲಿ ತೀರಿಕೊಂಡನು. ಡ್ರೆಸ್ಡನ್ನಿನ ಹುಟ್ಟುಹಬ್ಬ ಮುಗಿದುದು ಅದರ ಮರುವರ್ಷ.

ಈ ಕೃತಿಯನ್ನು ಕೊಂಡ ದೊರೆ, ಬಲಿಷ್ಠ ಆಗಸ್ಟಸ್ ಎಂದು ಪ್ರಸಿದ್ಧನಾದವನು, 1706ರ ಆಲ್ಟ್‌ರಾನ್‌ಸ್ಟೆಟ್ ಒಪ್ಪಂದದಂತೆ ಪೋಲೆಂಡಿನ ಕಿರೀಟವನ್ನು ಬಿಟ್ಟುಕೊಟ್ಟಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ಎದುರಿಲ್ಲದ ಅರಸೊತ್ತಿಗೆಯ ಕನಸನ್ನು ಅವನು ದೂರದ ಮೊಗಲನಲ್ಲಿ ಕಂಡನು. ಆ ಮೊಗಲನಿಗೋ ಕೃಷ್ಣಾತೀರದ ಒಬ್ಬ ನಾಯಕನೂ ಪೂರ್ತಿ ವಶವಾಗಿರಲಿಲ್ಲ.

ಆದರೆ ಡಿಂಗ್ಲಿಂಗರನ ಮಿತಿ ಅವನೊಬ್ಬನದಲ್ಲ. ವಾಗಿನಗೇರಿಯ ಯುದ್ಧವನ್ನು ನಾವೂ ಬಹುಮಟ್ಟಿಗೆ 'ಮಆಸಿರ್-ಇ-ಆಲಂಗೀರಿ'ಯಂತಹ ಪಾರಸಿ ಗ್ರಂಥಗಳಿಂದ, ಎಂದರೆ ಮುತ್ತಿಗೆ ಹಾಕಿದವರ ಪಾಳೆಯದಿಂದಲೇ ನೋಡುತ್ತ ಬಂದಿದ್ದೇವೆ. ಈ ದೋಆಬಿಗೆ ತನ್ನದೇ ಆದ ಮಾತೂ ಇತ್ತು. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿದ ವಿಜಯದಾಸರು ಆ ಮುತ್ತಿಗೆಯ ಕಾಲಕ್ಕೆ ಇನ್ನೂ ತರುಣರು. ರಾಯಚೂರು ಕೋಟೆಯ 1294ರ ಶಾಸನವು ಇಲ್ಲಿ ಕಲ್ಲಿನ ಮೇಲೆ ಬರೆದಿಡುವ ಪರಂಪರೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ.

1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ನೆಲಕಚ್ಚಿದ ಫ್ರೌಯೆನ್‌ಕಿರ್ಖೆಯನ್ನು ಡ್ರೆಸ್ಡನ್ನಿನವರು ಅವಶೇಷದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, ಬಳಸಬಹುದಾದವನ್ನು ಮತ್ತೆ ಸೇರಿಸಿ 2005ರಲ್ಲಿ ಪುನಃಪ್ರತಿಷ್ಠಾಪಿಸಿದರು. ಸುಟ್ಟು ಕಪ್ಪಾದ ಹಳೆಯ ಕಲ್ಲುಗಳು ಹೊಸ ಗೋಡೆಯಲ್ಲಿ ಇಂದಿಗೂ ಎದ್ದು ಕಾಣುತ್ತವೆ. ಆ ನಗರದಿಂದ ನಾವು ತರಬೇಕಾದುದು ಈ ಕ್ರಮವನ್ನು. ದೇವದುರ್ಗ, ಮಾನ್ವಿ, ಸುರಪುರ ಸೀಮೆಗಳ ಕೋಟೆಯ ಕಲ್ಲು, ಶಾಸನ, ಮನೆತನದ ಕಾಗದಪತ್ರ, ಬಾಯ್ಮಾತಿನ ಕಥನ, ಇವನ್ನು ಹೀಗೆಯೇ ಒಂದೊಂದಾಗಿ ಗುರುತಿಸಿ ಜೋಡಿಸಿದಾಗಲೇ ಕೋಟೆಯ ಒಳಗಿದ್ದವರ ಇತಿಹಾಸವೂ ಬರೆಯಲ್ಪಟ್ಟೀತು.