ಹತ್ಯೆಯ ಚರಿತ್ರೆಗೆ ಪೀಠಿಕೆ : ಕಿತ್ತೂರು ಮತ್ತು ಸುರೇಬಾನ ಪ್ರಸಂಗಗಳು

ರಾಜಕೀಯ ಹತ್ಯೆಯನ್ನು ಕುರಿತ ಚರಿತ್ರೆಯ ಬರವಣಿಗೆಯಲ್ಲಿ ಪೀಠಿಕೆಯ ಮೇಲೆ ಅಸಾಮಾನ್ಯವಾದ ಹೊರೆ ಬೀಳುತ್ತದೆ. ರಾಜವಂಶದ ಚರಿತ್ರೆಯನ್ನು ಮೂಲಪುರುಷನಿಂದ, ಯುದ್ಧದ ಚರಿತ್ರೆಯನ್ನು ಉಭಯ ಪಕ್ಷಗಳ ಬಲಾಬಲದಿಂದ ಆರಂಭಿಸುವುದು ರೂಢಿ. ಹತ್ಯೆಗೆ ಇಂಥ ಸಿದ್ಧವಾದ ಆರಂಭವಿಲ್ಲ. ಕೊಲೆಯ ಗಳಿಗೆಯಿಂದ ಹೊರಟ ಬರಹ ಅಪರಾಧದ ವರದಿಯಾಗುತ್ತದೆ. ಅದಕ್ಕೆ ಹಿಂದಿನ ಅನ್ಯಾಯದಿಂದ ಹೊರಟ ಬರಹ ಬಂಡಾಯದ ಕಥನವಾಗುತ್ತದೆ. ಎರಡರಲ್ಲಿಯೂ ಸಂಗತಿಗಳು ಒಂದೇ ಆಗಿರಬಹುದು. ಆದರೆ ಓದುಗನ ತೀರ್ಮಾನ ಮೊದಲ ಪುಟದಲ್ಲಿಯೇ ಅರ್ಧಾಂಶ ನಿಶ್ಚಿತವಾಗಿರುತ್ತದೆ. ಆದ್ದರಿಂದ ಪೀಠಿಕೆಯು ಕೇವಲ ಶೈಲಿಯ ಪ್ರಶ್ನೆಯಾಗಿರದೆ ಚರಿತ್ರೆಯ ವಿಧಾನದ ಪ್ರಶ್ನೆಯೂ ಆಗಿದೆ.

ಈ ಮಾತನ್ನು ಪರಿಶೀಲಿಸಲು ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗಗಳು ಉತ್ತಮ ಆಧಾರಗಳನ್ನು ಒದಗಿಸುತ್ತವೆ. ಪಶ್ಚಿಮದ ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಗಳ ಮಾರ್ಗವಾಗಿ ಪೂರ್ವದ ರಾಮದುರ್ಗದವರೆಗೆ ಹಬ್ಬಿರುವ ಈ ಕಪ್ಪುಮಣ್ಣಿನ ಸೀಮೆಯಲ್ಲಿ ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಕಂಪನಿ ಸರಕಾರದ ಇಬ್ಬರು ರಾಜಕೀಯ ಪ್ರತಿನಿಧಿಗಳು ಪ್ರಾಣ ಕಳೆದುಕೊಂಡರು. ಮೊದಲನೆಯವನು 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬಿದ್ದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಎರಡನೆಯವನು 1858ರ ಮೇ 29ರ ರಾತ್ರಿ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಕೊಲೆಯಾದ, ದಕ್ಷಿಣ ಮರಾಠಾ ಸೀಮೆಯ ಹಂಗಾಮಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್.

ಕಿತ್ತೂರು : ದಿನಾಂಕದ ಆಯ್ಕೆ

ಥ್ಯಾಕರೆಯ ಮರಣವನ್ನು ಕುರಿತ ಆಳರಸರ ಪಕ್ಷದ ಬರಹಗಳು ಸಾಮಾನ್ಯವಾಗಿ ಅಕ್ಟೋಬರ್ 23ರ ಸುತ್ತಲೇ ನಿಲ್ಲುತ್ತವೆ. ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯಬೇಕೆಂಬ ಆಜ್ಞೆಯನ್ನು ಒಳಗಿನವರು ಮನ್ನಿಸಲಿಲ್ಲ. ಬಾಗಿಲನ್ನು ಒಡೆಯುವ ಸಿದ್ಧತೆ ನಡೆದಾಗ ಕಿತ್ತೂರಿನ ಸೈನಿಕರು ಒಮ್ಮೆಲೆ ಹೊರನುಗ್ಗಿದರು. ಕಲೆಕ್ಟರನೂ ಕೆಲವರು ಸೇನಾಧಿಕಾರಿಗಳೂ ಮಡಿದರು. ಹೀಗೆ ಆರಂಭವಾಗುವ ನಿರೂಪಣೆಯಲ್ಲಿ ಪ್ರಶ್ನೆ ಒಂದೇ ಉಳಿಯುತ್ತದೆ: ಸರಕಾರದ ಅಧಿಕಾರಿಯನ್ನು ಕೊಂದವರು ಯಾರು? ಜನಪರಂಪರೆ ಇದಕ್ಕೆ ಅಮಟೂರ ಬಾಳಪ್ಪನ ಹೆಸರನ್ನು ಉತ್ತರವಾಗಿ ಉಳಿಸಿಕೊಂಡಿದೆ.

ಕನ್ನಡದ ಬರಹಗಳು ಆರಂಭವನ್ನು ಆರು ವಾರ ಹಿಂದಕ್ಕೆ ಒಯ್ಯುತ್ತವೆ. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮನೆತನದ ಬಾಲಕನನ್ನು ದತ್ತಕ ತೆಗೆದುಕೊಂಡ ಸುದ್ದಿಯನ್ನು ಥ್ಯಾಕರೆಗೆ ತಿಳಿಸಲಾಯಿತು. ದತ್ತಕಪತ್ರದ ಸಾಚಾತನವನ್ನು ಆತ ಶಂಕಿಸಿದ. ಮೇಲಿನವರ ಅಪ್ಪಣೆ ಬರುವ ಮೊದಲೇ ಸಂಸ್ಥಾನದ ಆಡಳಿತಕ್ಕೆ ಕೈಹಾಕಿ ಬೊಕ್ಕಸಕ್ಕೆ ಮುದ್ರೆ ಹಾಕಿಸಿದ. ಇಲ್ಲಿಂದ ಹೊರಟಾಗ ಅಕ್ಟೋಬರ್ 23ರ ಘಟನೆ ಒಂದು ವಿವಾದದ ಪರಿಣಾಮವಾಗಿ ಕಾಣುತ್ತದೆ. ರಾಣಿ ಚೆನ್ನಮ್ಮನ ನಿಲುವು, ಗುರುಸಿದ್ದಪ್ಪನ ಸಲಹೆ, ಸೈನಿಕರ ಸಿದ್ಧತೆ ಇವೆಲ್ಲಕ್ಕೆ ಅರ್ಥ ಒದಗುತ್ತದೆ.

ಆದರೆ ಈ ಎರಡನೆಯ ಬಗೆಯ ಪೀಠಿಕೆಯಲ್ಲಿಯೂ ಒಂದು ದೋಷ ಮೇಲಿಂದ ಮೇಲೆ ನುಸುಳಿದೆ. ದತ್ತಕದ ನಿರಾಕರಣೆಯನ್ನು ಲಾರ್ಡ್ ಡಾಲ್‌ಹೌಸಿಯ ನೀತಿಯೊಡನೆ ಜೋಡಿಸುವ ವಾಕ್ಯವೇ ಆ ದೋಷ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಕದನ ನಡೆದು ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ. ಕಿತ್ತೂರಿನಲ್ಲಿ ನಡೆದದ್ದು ಸಿದ್ಧಾಂತವಾಗಿ ಪ್ರಕಟವಾಗುವ ಮೊದಲೇ ಅಧಿಕಾರಿಯೊಬ್ಬನ ಕೈಯಲ್ಲಿ ಆಚರಣೆಗೆ ಬಂದ ಕ್ರಮ. ಈ ವ್ಯತ್ಯಾಸವನ್ನು ಮರೆತ ಪೀಠಿಕೆ ಕಿತ್ತೂರಿನ ಮಹತ್ವವನ್ನು ತಾನೇ ಕುಗ್ಗಿಸುತ್ತದೆ. ಏಕೆಂದರೆ ಮುಂದೆ ಸಾತಾರೆ, ಝಾನ್ಸಿಗಳು ಎದುರಿಸಿದ ಪ್ರಶ್ನೆಯನ್ನು ಕಿತ್ತೂರು ಬಹು ಮೊದಲೇ ಎದುರಿಸಿತ್ತು.

ಥ್ಯಾಕರೆಯ ಮರಣವನ್ನು ಹತ್ಯೆ ಎನ್ನಬಹುದೇ ಎಂಬುದೂ ವಿಚಾರಾರ್ಹ. ಆತ ಸೇನೆಯೊಡನೆ ಬಂದಿದ್ದ. ಹಗಲಿನಲ್ಲಿ, ಕೋಟೆಯ ಎದುರಿನಲ್ಲಿ, ಬಹಿರಂಗ ಕಾಳಗದಲ್ಲಿ ಬಿದ್ದ. ಆತನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರೂ ಕೊಲೆಯಾಗಲಿಲ್ಲ; ಡಿಸೆಂಬರಿನ ಆರಂಭದಲ್ಲಿ ಬಿಡುಗಡೆ ಹೊಂದಿದರು. ಈ ಎಲಿಯಟ್ ಮುಂದೆ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ಆದ್ಯರಲ್ಲಿ ಒಬ್ಬನಾದ. ಸೆರೆಯಾಳುಗಳನ್ನು ಜೀವಸಹಿತ ಉಳಿಸಿಕೊಂಡ ಸಂಗತಿಯನ್ನು ಪೀಠಿಕೆಯಿಂದ ಬಿಟ್ಟರೆ ಕದನವು ಕೇವಲ ಕೊಲೆಯಂತೆ ಕಾಣುವ ಅಪಾಯವಿದೆ.

ಸುರೇಬಾನ : ಮಧ್ಯರಾತ್ರಿಯ ಆಕರ್ಷಣೆ

ಸುರೇಬಾನದ ಪ್ರಸಂಗ ಇದಕ್ಕಿಂತ ತೀರ ಭಿನ್ನ. ನರಗುಂದದ ಅರಸ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಸಾವಿರಾರು ಸಂಸ್ಕೃತ ಗ್ರಂಥಗಳ ಭಾಂಡಾರವನ್ನು ಹೊಂದಿದ್ದ ವಿದ್ಯಾವಂತ. ಆತನಿಗೆ ಗಂಡುಸಂತಾನವಿರಲಿಲ್ಲ; ದತ್ತಕಕ್ಕೆ ಕೇಳಿದ ಅನುಮತಿ ದೊರೆಯಲಿಲ್ಲ. 1852ರ ಕಾಯಿದೆಯ ಮೇರೆಗೆ ನಡೆದ ಇನಾಮು ಆಯೋಗದ ವಿಚಾರಣೆಗಳು ಈ ಭಾಗದ ಇನಾಮುದಾರರನ್ನೆಲ್ಲ ಕಂಗೆಡಿಸಿದ್ದವು. ಮ್ಯಾನ್ಸನ್ ಆ ಆಯೋಗದ ಕೆಲಸದಲ್ಲಿದ್ದವನು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಆ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಅದನ್ನು ಪ್ರತಿಭಟಿಸಿ ಎದ್ದರು. 1858ರ ಮೇ ಕೊನೆಯಲ್ಲಿ ಮುಂಡರಗಿ ಭೀಮರಾವ ಬಂಡೆದ್ದು ಕೊಪ್ಪಳದ ಕೋಟೆಯನ್ನು ಸೇರಿದ.

ಈ ಸುದ್ದಿಯ ಬೆನ್ನಿಗೆ ಮ್ಯಾನ್ಸನ್ ಸಣ್ಣ ಬೆಂಗಾವಲಿನೊಡನೆ ರಾಮದುರ್ಗಕ್ಕೆ ಬಂದ. ರಾಮದುರ್ಗದ ಅರಸ ನರಗುಂದದವನ ಮಲಸಹೋದರ. ತನಗೆ ನರಗುಂದದಿಂದ ಬಂದಿದ್ದ ಪತ್ರಗಳನ್ನು ಆತ ಮ್ಯಾನ್ಸನ್‌ನಿಗೆ ತೋರಿಸಿ, ಆ ದಾರಿ ಹಿಡಿಯಬಾರದೆಂದು ಎಚ್ಚರಿಸಿದ. ಮ್ಯಾನ್ಸನ್ ಮುಂದುವರಿದು ಸುರೇಬಾನದಲ್ಲಿ ತಂಗಿ ಪಲ್ಲಕ್ಕಿಯಲ್ಲಿ ಮಲಗಿದ. ನಡುರಾತ್ರಿ ಬಾಬಾಸಾಹೇಬನ ಸವಾರರು ಮುತ್ತಿದರು. ಎಚ್ಚತ್ತ ಮ್ಯಾನ್ಸನ್ ಗುಂಡು ಹಾರಿಸಿದನಾದರೂ ಉಳಿಯಲಿಲ್ಲ. ಬೆಂಗಾವಲಿನವರಲ್ಲಿಯೂ ಹಲವರು ಹತರಾದರು. ಆತನ ರುಂಡವನ್ನು ನರಗುಂದಕ್ಕೆ ಒಯ್ದು ಊರಬಾಗಿಲಲ್ಲಿ ತೂಗುಹಾಕಲಾಯಿತು.

ಮುಂದಿನದು ಎರಡೇ ವಾರಗಳ ಕಥೆ. ಜೂನ್ ಮೊದಲ ದಿನಗಳಲ್ಲಿ ಕರ್ನಲ್ ಮಾಲ್ಕಮ್‌ನ ಸೇನೆ ನರಗುಂದವನ್ನು ವಶಪಡಿಸಿಕೊಂಡಿತು. ಯಾತ್ರಿಕರ ವೇಷದಲ್ಲಿ ತಪ್ಪಿಸಿಕೊಂಡಿದ್ದ ಬಾಬಾಸಾಹೇಬನನ್ನು ತೊರಗಲ್ಲಿನ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಆತನಿಗೆ ಗಲ್ಲಾಯಿತು. ಆತನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು.

ಸುರೇಬಾನದ ನಡುರಾತ್ರಿಯಿಂದ ಬರಹವನ್ನು ಆರಂಭಿಸುವುದು ಸುಲಭ. ಓದುಗನನ್ನು ಸೆಳೆಯುವ ಎಲ್ಲ ಸಾಮಗ್ರಿಯೂ ಅಲ್ಲಿದೆ. ಆದರೆ ಆ ಆರಂಭದಲ್ಲಿ ನಿದ್ರಿಸುತ್ತಿದ್ದ ಅಧಿಕಾರಿ ಮತ್ತು ಕತ್ತಿ ಹಿರಿದ ಅರಸ ಇವರಿಬ್ಬರೇ ಇರುತ್ತಾರೆ; ದತ್ತಕ, ಇನಾಮು, ಆಯುಧ ಎಂಬ ಮೂರು ಕಾರಣಗಳು ಕತ್ತಲೆಯಲ್ಲಿ ಉಳಿಯುತ್ತವೆ. 1884ರ ಮುಂಬಯಿ ಗೆಝೆಟಿಯರ್ ದತ್ತಕದ ನಿರಾಕರಣೆಯನ್ನು ಮರೆಮಾಚುವುದಿಲ್ಲ. ಆದರೆ ಅಲ್ಲಿ ಅದು ಅರಸನ ಅಸಮಾಧಾನಕ್ಕೆ ಕಾರಣವಾಗಿ ಬರುತ್ತದೆಯೇ ಹೊರತು ಸರಕಾರದ ನಡೆಯನ್ನು ವಿಚಾರಿಸುವ ಸಂಗತಿಯಾಗಿ ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ ಕನ್ನಡದ ಸ್ಮರಣಪರ ಬರಹಗಳಲ್ಲಿ ರಾಮದುರ್ಗದ ಅರಸನ ಎಚ್ಚರಿಕೆ, ಬೆಂಗಾವಲಿನ ಸಾಮಾನ್ಯ ಸಿಪಾಯಿಗಳ ಸಾವು, ನದಿ ಸೇರಿದ ಇಬ್ಬರು ಹೆಂಗಸರ ಗತಿ ಮೊದಲ ಪುಟಕ್ಕೆ ಬರುವುದು ವಿರಳ. ಒಂದೇ ಮನೆತನದ ಎರಡು ಶಾಖೆಗಳು ಒಂದೇ ರಾತ್ರಿ ವಿರುದ್ಧ ದಿಕ್ಕುಗಳನ್ನು ಹಿಡಿದದ್ದು 1858ರ ಬಂಡಾಯದ ಸ್ವರೂಪವನ್ನು ತಿಳಿಯಲು ಅತ್ಯಗತ್ಯವಾದ ಸಂಗತಿ.

ಶಬ್ದ ಮತ್ತು ಲಾವಣಿ

ಆರಂಭದ ದಿನಾಂಕದಷ್ಟೇ ಮುಖ್ಯವಾದದ್ದು ಶಬ್ದದ ಆಯ್ಕೆ. ಕೊಲೆ ಎಂಬುದು ನ್ಯಾಯಾಲಯದ ಮಾತು. ಹತ್ಯೆ ಎಂಬಲ್ಲಿ ಪಾಪದ ಸೋಂಕು ಇದೆ. ವಧೆ ಎಂದಾಗ ಕೀಚಕವಧೆ, ಕಂಸವಧೆಗಳ ನೆನಪು ಬಂದು ಸತ್ತವನು ದುಷ್ಟನೆಂಬ ತೀರ್ಪು ತಾನಾಗಿ ಸೇರಿಕೊಳ್ಳುತ್ತದೆ. ಸಂಹಾರ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಮ್ಯಾನ್ಸನ್‌ನ ಮರಣಕ್ಕೆ ಇವುಗಳಲ್ಲಿ ಯಾವುದನ್ನು ಬಳಸಿದರೂ ಲೇಖಕನ ಪಕ್ಷ ಗೊತ್ತಾಗುತ್ತದೆ.

ಈ ಸೀಮೆಯ ಲಾವಣಿಕಾರರು ಪೀಠಿಕೆಯ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡದಂಥ ಜಾತ್ರೆಗಳು ಹಾಡಿಕೆಯವರಿಗೆ ಸಹಜವಾದ ನೆಲೆಗಳು. ಜೆ. ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸತೊಡಗಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಹಾಗೂ ಹಲಗಲಿಯ ಬೇಡರ ಲಾವಣಿಗಳಿವೆ. ಹಲಗಲಿಯ ಲಾವಣಿ ಆಯುಧಗಳನ್ನು ಕಸಿದುಕೊಳ್ಳುವ ಸರಕಾರಿ ಹುಕುಮನ್ನು ಆರಂಭಕ್ಕೇ ತರುತ್ತದೆ, ಕಾಳಗ ಅನಂತರದ್ದು. ಕಾರಣವನ್ನು ಕೃತ್ಯಕ್ಕಿಂತ ಮುಂಚೆ ಇಡುವ ಈ ಕ್ರಮ ಅಕ್ಷರಸ್ಥರ ಚರಿತ್ರೆಗಿಂತ ಹಳೆಯದು.

ಕಾರಣ ಮತ್ತು ಸಮರ್ಥನೆ

ಹಾಗಾದರೆ ಆರಂಭವನ್ನು ಹಿಂದಕ್ಕೆ ಒಯ್ದಷ್ಟೂ ಚರಿತ್ರೆ ಸತ್ಯಕ್ಕೆ ಹತ್ತಿರವಾಗುತ್ತದೆಯೇ? ರಾಷ್ಟ್ರನಾಯಕನೊಬ್ಬನ ಹತ್ಯೆಯನ್ನು ಎದುರಿಗಿಟ್ಟಾಗ ಈ ಪ್ರಶ್ನೆ ಮೊನಚಾಗುತ್ತದೆ. 1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಪ್ರಾರ್ಥನಾಸಭೆಗೆ ನಡೆಯುತ್ತಿದ್ದ ಗಾಂಧೀಜಿ ಗುಂಡಿಗೆ ಬಲಿಯಾದರು. ಅದನ್ನು ಕುರಿತ ಬಹುತೇಕ ಬರಹಗಳು ಆ ಸಂಜೆಯಿಂದಲೇ ತೊಡಗುತ್ತವೆ. 1966ರಲ್ಲಿ ನೇಮಕಗೊಂಡು 1969ರಲ್ಲಿ ವರದಿ ನೀಡಿದ ಕಪೂರ್ ಆಯೋಗ ಮಾತ್ರ ಹಿಂದಕ್ಕೆ ಹೋಯಿತು. ಜನವರಿ 20ರಂದೇ ಅದೇ ಸ್ಥಳದಲ್ಲಿ ಬಾಂಬು ಸಿಡಿದಿದ್ದರೂ ರಕ್ಷಣೆ ಏಕೆ ಸಾಲದಾಯಿತು, ಪಿತೂರಿಯ ಸುಳಿವು ಯಾರಿಗೆ ಎಷ್ಟು ಸಿಕ್ಕಿತ್ತು ಎಂದು ವಿಚಾರಿಸಿತು. ಇದು ಕಾರಣದ ಶೋಧನೆ. ಆದರೆ ಹಂತಕನ ಪಕ್ಷಪಾತಿಗಳೂ ಆರಂಭವನ್ನು ಹಿಂದಕ್ಕೆ ಒಯ್ದಿದ್ದಾರೆ. ಹಂತಕನ ಅಸಮಾಧಾನಗಳ ಪಟ್ಟಿಯಿಂದ ತೊಡಗಿ, ಹತ್ಯೆಯನ್ನು ವಧೆಯೆಂದು ಕರೆದದ್ದೂ ಉಂಟು. ಅದು ಸಮರ್ಥನೆಯ ರಚನೆ.

ಇವೆರಡರ ನಡುವಣ ಭೇದವನ್ನು ಕಿತ್ತೂರು, ಸುರೇಬಾನಗಳ ಚರಿತ್ರಕಾರ ಮರೆಯುವಂತಿಲ್ಲ. ಸೇನಾಬಲದಿಂದ ಬಂದ ಆಡಳಿತವನ್ನು ಅದಕ್ಕೆ ಒಳಪಟ್ಟವರು ಎದುರಿಸಿದ ಪ್ರಸಂಗಗಳೂ, ನಿರಾಯುಧನಾದ ವೃದ್ಧ ನಾಯಕನ ಎದೆಗೆ ಗುಂಡಿಟ್ಟ ಕೃತ್ಯವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಆದರೂ ಬರವಣಿಗೆಯ ನಿಯಮ ಎಲ್ಲೆಡೆಗೂ ಒಂದೇ: ಪೀಠಿಕೆ ಕಾರಣವನ್ನು ಹೇಳಬೇಕು, ಆ ಕಾರಣವನ್ನು ಸತ್ತವನ ದೇಹದ ಮೇಲೆ ಹೊದಿಸಿ ಅದನ್ನು ಮರೆಮಾಡಬಾರದು. ದತ್ತಕದ ನಿರಾಕರಣೆ ಅನ್ಯಾಯವೆಂದು ಬರೆಯುವ ಲೇಖನಿಯೇ ನರಗುಂದದ ಬಾಗಿಲಲ್ಲಿ ತೂಗಿದ ರುಂಡದ ಸಂಗತಿಯನ್ನೂ ಬರೆಯಬೇಕು.

ಬೈಲಹೊಂಗಲದಲ್ಲಿ 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಚೆನ್ನಮ್ಮನ ಸಮಾಧಿಯಿದೆ. ಸಂಗೊಳ್ಳಿ ಅದೇ ತಾಲೂಕಿನ ಊರು. ಈ ಸ್ಮಾರಕಗಳ ಸುತ್ತ ಬೆಳೆದ ಅಭಿಮಾನಕ್ಕೆ ಸತ್ಯವಾದ ತಳಹದಿಯಿದೆ. ಸಂಗತಿಗಳನ್ನು ಆಯ್ದು ಇಡುವುದರಿಂದ ಆ ತಳಹದಿ ಗಟ್ಟಿಯಾಗಲಾರದು. 1824ರ ಸೆಪ್ಟೆಂಬರಿನ ದತ್ತಕಪತ್ರವನ್ನೂ ಅಕ್ಟೋಬರಿನ ಕಾಳಗವನ್ನೂ, ಇನಾಮು ಆಯೋಗದ ಕಡತಗಳನ್ನೂ ಸುರೇಬಾನದ ನಡುರಾತ್ರಿಯನ್ನೂ, ಗೆಝೆಟಿಯರಿನ ಮಾತನ್ನೂ ಲಾವಣಿಯ ಮಾತನ್ನೂ ಮೊದಲ ಪುಟದಲ್ಲಿಯೇ ಎದುರುಬದುರು ನಿಲ್ಲಿಸುವ ಪೀಠಿಕೆ ಈ ಸೀಮೆಯ ಚರಿತ್ರೆಗೆ ಇನ್ನೂ ಸಲ್ಲಬೇಕಾದ ಋಣವಾಗಿದೆ.